ಗ್ರೀಕರ ಚಿತ್ರಭಾಂಡಗಳಲ್ಲಿ ಯೋಧನೂ ರಥವೂ

ಹೋಮರನ ಕಾವ್ಯವನ್ನು ಪಾಠಹೇಳುವವರು ಅದರ ಯುದ್ಧವರ್ಣನೆಗಳನ್ನು ವಿಶದಪಡಿಸುವುದಕ್ಕಾಗಿ ಪ್ರಾಚೀನ ಗ್ರೀಕರ ಚಿತ್ರಭಾಂಡಗಳ ಪ್ರತಿಕೃತಿಗಳನ್ನು ತೋರಿಸುವುದು ವಾಡಿಕೆಯಾಗಿದೆ. ಕಾವ್ಯದಲ್ಲಿ ರಥವುಂಟು, ಭಾಂಡದಲ್ಲಿಯೂ ರಥವುಂಟು. ಅಲ್ಲಿ ಶಿರಸ್ತ್ರಾಣ ಕವಚಗಳನ್ನು ತೊಟ್ಟ ವೀರನುಂಟು, ಇಲ್ಲಿಯೂ ಉಂಟು. ಆದುದರಿಂದ ಒಂದು ಮತ್ತೊಂದಕ್ಕೆ ವ್ಯಾಖ್ಯಾನವೆಂದು ಭಾವಿಸುವುದು ಸುಲಭ. ಇತಿಹಾಸವನ್ನು ಬರೆಯುವವರಲ್ಲಿ ಕೆಲವರು ಬೇರೊಂದು ದಾರಿಯನ್ನು ಹಿಡಿದು, ಚಿತ್ರಕಾರನು ತನ್ನ ಕಾಲದ ಯುದ್ಧವನ್ನು ಕಣ್ಣಾರೆ ಕಂಡಂತೆಯೇ ಬರೆದನೆಂದೂ, ಆದುದರಿಂದ ರಥವು ಚಿತ್ರದಲ್ಲಿರುವಷ್ಟು ಕಾಲವೂ ಗ್ರೀಕರು ರಥಯುದ್ಧವನ್ನು ನಡೆಸುತ್ತಿದ್ದರೆಂದೂ ಊಹಿಸಿದ್ದುಂಟು. ಮೊದಲನೆಯ ಮತದಲ್ಲಿ ಭಾಂಡವು ಕಾವ್ಯಕ್ಕೆ ಸಾಕ್ಷಿ. ಎರಡನೆಯದರಲ್ಲಿ ರಣರಂಗಕ್ಕೆ ಸಾಕ್ಷಿ. ಸಾಕ್ಷಿಯೆಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ. ಆದರೆ ಭಾಂಡಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ಈ ಎರಡು ಮತಗಳೂ ನಿಲ್ಲುವುದಿಲ್ಲ.

ಭಾಂಡಗಳ ನಿರ್ಮಾಣದ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಥೆನ್ಸಿನ ಕುಂಬಾರನು ಚಿತ್ರಕ್ಕೆಂದು ಬೇರೆ ಬಣ್ಣವನ್ನು ತರುತ್ತಿರಲಿಲ್ಲ. ಪಾತ್ರೆಗೆ ಉಪಯೋಗಿಸಿದ, ಕಬ್ಬಿಣದ ಅಂಶವುಳ್ಳ ಜೇಡಿಮಣ್ಣನ್ನೇ ನೀರಿನಲ್ಲಿ ಕದಡಿ ತಿಳಿಗೊಳಿಸಿ, ಆ ನಯವಾದ ಸಾರದಿಂದ ಚಿತ್ರವನ್ನು ಬರೆಯುತ್ತಿದ್ದನು. ಬಳಿಕ ಆವಿಗೆಯಲ್ಲಿ ಮೂರು ಹಂತಗಳ ಸುಡುವಿಕೆ. ಮೊದಲು ಗಾಳಿಯಾಡಲು ಬಿಟ್ಟರೆ ಎಲ್ಲವೂ ಕೆಂಪಾಗುವುದು. ಗಾಳಿಯನ್ನು ತಡೆದು ಹೊಗೆಯಾಡಿಸಿದರೆ ಎಲ್ಲವೂ ಕಪ್ಪಾಗುವುದು. ಮತ್ತೆ ಗಾಳಿಯನ್ನು ಬಿಟ್ಟಾಗ ಪಾತ್ರೆಯ ಮೈ ತಿರುಗಿ ಕೆಂಪಾಗುವುದಾದರೂ, ಚಿತ್ರದ ಲೇಪವು ಗಾಜಿನಂತೆ ಬೆಸೆದುಹೋಗಿರುವುದರಿಂದ ಕಪ್ಪಾಗಿಯೇ ಉಳಿಯುವುದು. ಕಪ್ಪು ಆಕೃತಿಗಳ ಮೇಲೆ ಮೊನಚಾದ ಸಲಾಕೆಯಿಂದ ಕೊರೆದು ಅಂಗಾಂಗಗಳನ್ನು ತೋರಿಸುವ ಕೃಷ್ಣಾಕೃತಿಯ ಪದ್ಧತಿ ಮೊದಲಿನದು. ಆಕೃತಿಯನ್ನು ಕೆಂಪಾಗಿ ಬಿಟ್ಟು ಹಿನ್ನೆಲೆಯನ್ನು ಕಪ್ಪಾಗಿಸುವ ರಕ್ತಾಕೃತಿಯ ಪದ್ಧತಿ ಸುಮಾರು ಕ್ರಿ. ಪೂ. 525ರ ವೇಳೆಗೆ ಹುಟ್ಟಿದುದು. ಇವುಗಳಲ್ಲಿ ಬಹುಭಾಗವು ಸಮಾಧಿಗಳಿಂದ ದೊರೆತಿದೆ. ಅದರಲ್ಲಿಯೂ ಅನೇಕವು ಗ್ರೀಸಿನವಲ್ಲ, ಇಟಲಿಯ ಎಟ್ರೂರಿಯಾ ಪ್ರಾಂತದ ಸಮಾಧಿಗಳವು.

ಗ್ರೀಸಿನಲ್ಲಿ ರಥವು ನಿಜವಾಗಿಯೂ ಯುದ್ಧಸಾಮಗ್ರಿಯಾಗಿದ್ದ ಕಾಲವೊಂದಿತ್ತೆಂಬುದರಲ್ಲಿ ವಿವಾದವಿಲ್ಲ. ಕ್ನೊಸಾಸ್ ಮತ್ತು ಪೈಲಾಸ್ ಅರಮನೆಗಳ ಮಣ್ಣಿನ ಫಲಕಗಳಲ್ಲಿರುವ ಲಿಪಿಯನ್ನು 1952ರಲ್ಲಿ ಮೈಕಲ್ ವೆಂಟ್ರಿಸ್ ಅವರು ಓದಿ ತೋರಿಸಿದಮೇಲೆ, ರಥದ ಬಂಡಿಗಳು, ಚಕ್ರಗಳು, ಕವಚಗಳು ಇವುಗಳನ್ನು ಅರಮನೆಯ ಕರಣಿಕರು ಲೆಕ್ಕವಿಟ್ಟಿದ್ದುದು ಸ್ಪಷ್ಟವಾಯಿತು. ಆ ಕಾಲದ, ಎಂದರೆ ಕ್ರಿ. ಪೂ. 14 ಮತ್ತು 13ನೆಯ ಶತಮಾನಗಳ, ರಥಚಿತ್ರವುಳ್ಳ ದೊಡ್ಡ ಮದ್ಯಪಾತ್ರೆಗಳು ಸೈಪ್ರಸ್ ದ್ವೀಪದಲ್ಲಿ ವಿಶೇಷವಾಗಿ ಸಿಕ್ಕಿವೆ. ಆಶ್ಚರ್ಯವೇನೆಂದರೆ, ರಥಯುದ್ಧದ ಕಾಲದ ಈ ಪಾತ್ರೆಗಳಲ್ಲಿ ಕಾಣುವುದು ಯುದ್ಧವಲ್ಲ. ಉದ್ದವಾದ ನಿಲುವಂಗಿಯನ್ನು ತೊಟ್ಟ ಪುರುಷರು ಮೆಲ್ಲಗೆ ಸಾಗುವ ರಥಗಳಲ್ಲಿ ನೆಟ್ಟಗೆ ನಿಂತಿರುವರು; ಅದು ಮೆರವಣಿಗೆಯ ಗಾಂಭೀರ್ಯ. ಇನ್ನು ಆ ಯುಗದ ಕೊನೆಯಲ್ಲಿ, ಕ್ರಿ. ಪೂ. 12ನೆಯ ಶತಮಾನದಲ್ಲಿ, ಮೈಸೀನೆಯಲ್ಲಿ ಬರೆದ ‘ಯೋಧಭಾಂಡ’ವುಂಟು; 1876ರಲ್ಲಿ ಷ್ಲೀಮನ್ನರು ನಡೆಸಿದ ಅಗೆತದಲ್ಲಿ ಹೊರಬಂದು ಈಗ ಅಥೆನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕೊಂಬುಳ್ಳ ಶಿರಸ್ತ್ರಾಣಗಳನ್ನು ಧರಿಸಿ, ಈಟಿಗೆ ಬುತ್ತಿಯ ಚೀಲವನ್ನು ಕಟ್ಟಿಕೊಂಡು ಸೈನಿಕರು ಸಾಲಾಗಿ ಹೊರಟಿರುವರು. ಹಿಂದೆ ಒಬ್ಬಳು ಹೆಂಗಸು ಕೈಯೆತ್ತಿ ಅವರನ್ನು ಬೀಳ್ಕೊಡುತ್ತಿರುವಳು. ರಥವಿಲ್ಲ, ಕುದುರೆಯಿಲ್ಲ, ಎಲ್ಲರೂ ಕಾಲಾಳುಗಳು. ಅರಮನೆಗಳು ಸುಟ್ಟುಹೋದಮೇಲೆ ರಥಗಳನ್ನು ಸಾಕುವವರಾದರೂ ಯಾರು?

ಆಮೇಲೆ ಹಲವು ತಲೆಮಾರುಗಳವರೆಗೆ ಭಾಂಡಗಳ ಮೇಲೆ ಮನುಷ್ಯಾಕೃತಿಯು ಬಹು ವಿರಳವಾಗುವುದು. ಕ್ರಿ. ಪೂ. 8ನೆಯ ಶತಮಾನದ ನಡುವೆ ಅಥೆನ್ಸಿನ ದ್ವಿದ್ವಾರದ, ಎಂದರೆ ಡಿಪೈಲಾನಿನ, ಬಳಿಯ ಶ್ಮಶಾನದಲ್ಲಿ ಅದು ಮತ್ತೆ ತಲೆಯೆತ್ತುವುದು. ಅದರೊಡನೆ ರಥವೂ ಬರುವುದು. ಇಲ್ಲಿಯ ಭಾಂಡಗಳು ಮನೆಬಳಕೆಯವಲ್ಲ. ಆಳೆತ್ತರಕ್ಕೆ ಸ್ವಲ್ಪವೇ ಕಡಮೆಯಾಗಿ, ಸಮಾಧಿಯ ಮೇಲೆ ಗುರುತಿಗಾಗಿ ನಿಲ್ಲಿಸಿದುವು. ಕೆಲವಕ್ಕೆ ತಳದಲ್ಲಿ ತೂತಿದ್ದು, ಮೃತನಿಗೆ ಎರೆದ ತರ್ಪಣವು ನೆಲಕ್ಕಿಳಿಯುವಂತಿದೆ. ಇವುಗಳಲ್ಲಿ ಪ್ರಸಿದ್ಧವಾದುದು ಅಥೆನ್ಸಿನ ಸಂಗ್ರಹದ, 1.23 ಮೀಟರು ಎತ್ತರದ ಹಿರ್ಷ್‌ಫೆಲ್ಡ್ ಭಾಂಡ. ಅದರ ಮೇಲುಸಾಲಿನಲ್ಲಿ ಶವವನ್ನು ಬಂಡಿಯ ಮೇಲಿಟ್ಟು ಒಯ್ಯುತ್ತಿರುವರು. ಹೆಂಗಸರು ತಲೆಯ ಮೇಲೆ ಕೈಹೊತ್ತು ಅಳುತ್ತಿರುವರು. ಕೆಳಸಾಲಿನಲ್ಲಿ ಯೋಧರನ್ನು ಹೊತ್ತ ರಥಗಳು ಒಂದರ ಹಿಂದೊಂದು ಸಾಗುತ್ತಿರುವುವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ 108 ಸೆಂಟಿಮೀಟರು ಎತ್ತರದ ಭಾಂಡವೂ ಇದೇ ಕಮ್ಮಟದ್ದು. ಅದರಲ್ಲಿ ರಥಿಕರೊಡನೆ ಕಾಲಾಳುಗಳೂ ಸೇರಿರುವರು.

ಈ ಚಿತ್ರಗಳನ್ನು ಓದುವುದಕ್ಕೆ ಮೊದಲು ಅವುಗಳ ವ್ಯಾಕರಣವನ್ನು ತಿಳಿಯತಕ್ಕದ್ದು. ಚಿತ್ರಕಾರನು ಒಂದೆಡೆ ನಿಂತ ಕಣ್ಣಿಗೆ ಏನು ಕಾಣುವುದೋ ಅದನ್ನು ಬರೆಯುವುದಿಲ್ಲ. ವಸ್ತುವಿನಲ್ಲಿ ಏನೇನಿರುವುದೋ ಅದನ್ನು ಬರೆಯುವನು. ಶವದ ಮೇಲಿನ ಹೊದಿಕೆಯನ್ನು ಮೇಲಕ್ಕೆತ್ತಿ ಚೌಕುಳಿಗಳ ಪಟ್ಟಿಯಂತೆ ತೋರಿಸುವನು, ಏಕೆಂದರೆ ಹೊದಿಸಿದರೆ ಶವವು ಮರೆಯಾಗುವುದು. ಕುದುರೆಗಳು ಒಂದರ ಪಕ್ಕದಲ್ಲೊಂದಿದ್ದರೂ ತಲೆಗಳನ್ನೂ ಕಾಲುಗಳನ್ನೂ ಎಣಿಸುವಂತೆ ಬಿಡಿಸಿಡುವನು. ರಥದ ಎರಡು ಚಕ್ರಗಳನ್ನು ಅಚ್ಚಿನ ಎರಡು ತುದಿಗಳಲ್ಲಿ ಮರೆಮಾಡದೆ, ಅಕ್ಕಪಕ್ಕದಲ್ಲಿ ಜೋಡಿಸುವನು. ಇದನ್ನರಿಯದೆ ಕೆಲವರು ಇವು ನಾಲ್ಕು ಚಕ್ರದ ಬಂಡಿಗಳೆಂದು ವಾದಿಸಿದರು. ನಾಲ್ಕು ಚಕ್ರದ ಬಂಡಿಯಲ್ಲಿ ನಿಂತು ಯುದ್ಧಕ್ಕೆ ಹೋಗುವ ವೀರನನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆದರೆ ಚಿತ್ರದ ಪದ್ಧತಿಯನ್ನು ಬಿಟ್ಟು ಚಿತ್ರದ ಪದವನ್ನು ಮಾತ್ರ ಹಿಡಿದರೆ ಅಲ್ಲಿಗೇ ಹೋಗಿ ಮುಟ್ಟಬೇಕಾಗುವುದು.

ಇನ್ನೊಂದು ತೊಡಕು ಯೋಧನ ಗುರಾಣಿಯದು. ಡಿಪೈಲಾನಿನ ಯೋಧನಿಗೆ ಮುಂಡವೇ ಇಲ್ಲ. ಕತ್ತಿನಿಂದ ತೊಡೆಯವರೆಗೆ ಡಮರುಗದಂತೆ ನಡುವೆ ಸಣ್ಣದಾದ ಒಂದು ದೊಡ್ಡ ಗುರಾಣಿ. ಅದರ ಮೇಲೆ ತಲೆ, ಕೆಳಗೆ ಕಾಲು. ಇಂಥ ಗುರಾಣಿಯು ಆ ಕಾಲದ ಅಥೆನ್ಸಿನಲ್ಲಿ ಬಳಕೆಯಲ್ಲಿತ್ತೆಂದು ಕೆಲವರು. ಮೈಸೀನೆಯ ಯುಗದ ಗುರಾಣಿಯ ನೆನಪು, ಪೂರ್ವವೀರರ ಲಾಂಛನ, ಎಂದು ಇನ್ನು ಕೆಲವರು. ಎರಡನೆಯ ಪಕ್ಷಕ್ಕೆ ಬಲವನ್ನು ಕೊಡುವ ಅಂಶ ಅದೇ ಭಾಂಡಗಳಲ್ಲಿದೆ. ಆ ಕಾಲದ ಚಿತ್ರಗಳಲ್ಲಿ ನಿಜವಾದ ಕಾಳಗವು, ಬಿದ್ದ ಹೆಣಗಳೂ ನೆಟ್ಟ ಬಾಣಗಳೂ ಇರುವ ಕಾಳಗವು, ಹೆಚ್ಚಾಗಿ ನಡೆಯುವುದು ಹಡಗುಗಳ ಸುತ್ತ ಮತ್ತು ನೆಲದ ಮೇಲೆ, ಕಾಲಾಳುಗಳ ನಡುವೆ. ಪ್ಯಾರಿಸಿನ ಲೂವ್ರ್ ಸಂಗ್ರಹದ ಒಡಕು ಚೂರುಗಳಲ್ಲಿ ಇದನ್ನು ಕಾಣಬಹುದು. ರಥವೋ, ಶವದ ಹಿಂದೆ ಸಾಗುವ ಸಾಲಿನಲ್ಲಿದೆ. ಕೊಲ್ಲುವ ಚಿತ್ರದಲ್ಲಿ ರಥವು ಅಪರೂಪ. ಗೌರವಿಸುವ ಚಿತ್ರದಲ್ಲಿ ಅದು ನಿತ್ಯ.

ಇದೇ ಮಾತು ನೂರು ವರ್ಷಗಳ ಬಳಿಕ ಒಂದು ಚಿಕ್ಕ ಹೂಜಿಯ ಮೇಲೆ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ. ಕೊರಿಂತಿನಲ್ಲಿ ಸುಮಾರು ಕ್ರಿ. ಪೂ. 650–640ರಲ್ಲಿ ಬರೆದ, ಕೀಜಿ ಭಾಂಡವೆಂದು ಹೆಸರಾದ ಈ ಹೂಜಿಯ ಎತ್ತರ ಕೇವಲ 26 ಸೆಂಟಿಮೀಟರು. 1881ರಲ್ಲಿ ಇಟಲಿಯ ವೇಯೀ ನಗರದ ಸಮೀಪದ ಸಮಾಧಿಯೊಂದರಲ್ಲಿ ದೊರೆತು, ಈಗ ರೋಮಿನ ವಿಲ್ಲಾ ಜೂಲಿಯಾ ಸಂಗ್ರಹದಲ್ಲಿದೆ. ಅದರ ಮೇಲುಪಟ್ಟಿಯು ಎರಡು ಅಂಗುಲಕ್ಕೆ ಹೆಚ್ಚು ಅಗಲವಿಲ್ಲ. ಅಷ್ಟರಲ್ಲಿಯೇ ಎರಡು ಸೈನ್ಯಗಳು ಎದುರುಬದುರಾಗಿ ಈಟಿಯೆತ್ತಿ ನಿಂತಿವೆ. ಎಡಗಡೆಯ ಸೈನ್ಯದ ಗುರಾಣಿಗಳ ಒಳಮೈ ಕಾಣುವುದು: ಮುಂಗೈ ತೂರಿಸುವ ಬಳೆ, ಅಂಚಿನಲ್ಲಿ ಹಿಡಿ. ಬಲಗಡೆಯವರ ಗುರಾಣಿಗಳ ಹೊರಮೈ ಕಾಣುವುದು: ಹಕ್ಕಿ, ಗೂಳಿಯ ತಲೆ ಮೊದಲಾದ ಬಿರುದಿನ ಗುರುತುಗಳು. ಸಾಲುಗಳ ನಡುವೆ ಒಬ್ಬ ಹುಡುಗನು ತಲೆಯನ್ನು ಹಿಂದಕ್ಕೆ ಬಾಗಿಸಿ ಜೋಡಿಕೊಳಲನ್ನು ಊದುತ್ತಿರುವನು. ಅದರ ಲಯಕ್ಕೆ ಸೈನಿಕರ ಹೆಜ್ಜೆಗಳು ಒಂದಾಗಬೇಕು. ಇದು ಹೊಸ ಯುದ್ಧ: ಒಬ್ಬನ ಗುರಾಣಿಯು ಪಕ್ಕದವನನ್ನೂ ಕಾಯುವಂತೆ ಹೆಗಲಿಗೆ ಹೆಗಲು ಸೇರಿಸಿ ನಡೆಯುವ ಭಾರಾಯುಧದ ಕಾಲಾಳುಗಳ ಯುದ್ಧ. ಒಬ್ಬಂಟಿಯಾಗಿ ಮುಂದೆ ನುಗ್ಗುವ ಅತಿರಥನಿಗೆ ಇಲ್ಲಿ ಸ್ಥಳವಿಲ್ಲ. ಆದರೆ ಅದೇ ಹೂಜಿಯ ನಡುಪಟ್ಟಿಯಲ್ಲಿ ನಾಲ್ಕು ಕುದುರೆಗಳ ರಥವೊಂದು ಕುದುರೆಸವಾರರೊಡನೆ ಶಾಂತವಾಗಿ ಸಾಗುತ್ತಿದೆ. ಒಂದೇ ಕೈ, ಒಂದೇ ಭಾಂಡ: ಯುದ್ಧವಿರುವಲ್ಲಿ ರಥವಿಲ್ಲ, ರಥವಿರುವಲ್ಲಿ ಯುದ್ಧವಿಲ್ಲ. ರಥಯುದ್ಧವನ್ನು ಕಂಡು ಬರೆದರೆಂಬ ಮತಕ್ಕೆ ಇದಕ್ಕಿಂತ ಬೇರೆ ಉತ್ತರವು ಬೇಕಾಗಲಾರದು.

ಹಾಗಾದರೆ ಹೋಮರನ ರಥದ ಗತಿಯೇನು? ಮಹಾಭಾರತವನ್ನು ಓದಿದವರು ಇಲಿಯಡ್ಡನ್ನು ತೆರೆದಾಗ ಮೊದಲು ಗಮನಿಸುವ ವ್ಯತ್ಯಾಸವೇ ಇದು. ಭಾರತದ ರಥಿಕನು ಪ್ರಾಯಶಃ ರಥದಲ್ಲಿ ನಿಂತೇ ಬಾಣಗಳನ್ನು ಸುರಿಸುವನು. ವಿರಥನಾಗುವುದು ಅವನಿಗೆ ಆಪತ್ತು. ಹೋಮರನ ವೀರನಾದರೋ ರಥದಲ್ಲಿ ರಣದ ಅಂಚಿನವರೆಗೆ ಬಂದು, ತಾನಾಗಿಯೇ ಕೆಳಕ್ಕೆ ಧುಮುಕಿ, ನೆಲದ ಮೇಲೆ ನಿಂತು ಈಟಿಯನ್ನೆಸೆಯುವನು. ಸಾರಥಿಯು ಕುದುರೆಗಳನ್ನು ಅವನ ಬೆನ್ನ ಹಿಂದೆ ಕಾದಿಡುವನು. ನಾಲ್ಕನೆಯ ಸರ್ಗದಲ್ಲಿ ವೃದ್ಧನಾದ ನೆಸ್ಟರನು ರಥಗಳನ್ನು ಸಾಲುಗೂಡಿಸಿ ನಡೆಸಬೇಕೆಂದು ಹೇಳುವ ಉಪದೇಶವು ಇದಕ್ಕೆ ಅಪವಾದದಂತಿದೆ. ಅವನೇ ಅದು ಹಿಂದಿನವರ ಪದ್ಧತಿಯೆಂದು ಹೇಳುವನು. ರಥವೆಂಬ ವಸ್ತುವಿನ ನೆನಪು ಕವಿಗೆ ಪರಂಪರೆಯಿಂದ ಬಂದಿತ್ತು, ಪ್ರಯೋಗದ ನೆನಪು ಮಸುಕಾಗಿತ್ತು ಎಂದು ಅನೇಕ ವಿದ್ವಾಂಸರು ತೀರ್ಮಾನಿಸಿರುವುದು ಇದರಿಂದಲೇ. ಗ್ರೀನ್‌ಹಾಲ್ಗ್ ಅವರು 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, ಕವಿಯ ಕಾಲದ ಶ್ರೀಮಂತ ಯೋಧನು ಕುದುರೆಯೇರಿ ರಣಕ್ಕೆ ಬಂದು, ಕುದುರೆಯನ್ನು ಪರಿಚಾರಕನ ಕೈಗೆ ಕೊಟ್ಟು ಕಾಲಾಳಾಗಿ ಕಾದುತ್ತಿದ್ದನೆಂದೂ, ಕಾವ್ಯದಲ್ಲಿ ಆ ಕುದುರೆಯ ಸ್ಥಾನದಲ್ಲಿ ರಥವನ್ನಿಡಲಾಗಿದೆಯೆಂದೂ ವಾದಿಸಿದರು. ಕಾದುವ ಯೋಧರ ಹಿಂದೆ ಪರಿಚಾರಕನೊಬ್ಬನು ಒಡೆಯನ ಬರಿದಾದ ಕುದುರೆಯನ್ನು ಹಿಡಿದುಕೊಂಡಿರುವ ಚಿತ್ರಗಳು ಕೊರಿಂತಿನ ಭಾಂಡಗಳಲ್ಲಿ ಇರುವುದರಿಂದ ಈ ವಾದವನ್ನು ಸುಲಭವಾಗಿ ತಳ್ಳಿಬಿಡುವಂತಿಲ್ಲ.

ಭಾಂಡದ ಚಿತ್ರಗಳು ಇಲಿಯಡ್ಡಿನ ಚಿತ್ರಣಗಳೆಂಬ ಮೊದಲಿನ ಮತವನ್ನು ಪರೀಕ್ಷಿಸುವುದಕ್ಕೆ ಫ್ಲಾರೆನ್ಸಿನಲ್ಲಿರುವ ಫ್ರಾಂಸ್ವಾ ಭಾಂಡಕ್ಕಿಂತ ಯೋಗ್ಯವಾದುದು ಇನ್ನೊಂದಿಲ್ಲ. ಸುಮಾರು ಕ್ರಿ. ಪೂ. 570ರಲ್ಲಿ ಎರ್ಗೊಟಿಮೋಸನು ತಿಗುರಿಯಲ್ಲಿ ತಿರುಗಿಸಿ ಕ್ಲೈತಿಯಾಸನು ಚಿತ್ರಿಸಿದ ಈ ಭಾಂಡದ ಮೇಲೆ ಇಬ್ಬರ ಹೆಸರುಗಳೂ ಇವೆ. ಎತ್ತರ 66 ಸೆಂಟಿಮೀಟರು. (1900ರಲ್ಲಿ ಸಂಗ್ರಹಾಲಯದ ಕಾವಲುಗಾರನೊಬ್ಬನು ಕೋಪದಿಂದ ಪೀಠವನ್ನೆಸೆದು ಇದನ್ನು 638 ಚೂರುಗಳಾಗಿ ಒಡೆದನು, ಚೂರುಗಳನ್ನು ಕೂಡಿಸಿದವರ ತಾಳ್ಮೆಗೆ ವಿದ್ಯಾಲೋಕವು ಋಣಿಯಾಗಿದೆ.) ಅದರ ಕೊರಳಿನ ಒಂದು ಸಾಲಿನಲ್ಲಿ ಪಾತ್ರೊಕ್ಲಸನ ಉತ್ತರಕ್ರಿಯೆಯ ರಥಸ್ಪರ್ಧೆಯಿದೆ. ಚಿತ್ರಕಾರನು ಹೆಸರುಗಳನ್ನು ಬರೆದಿರುವುದರಿಂದ ಸಂದೇಹಕ್ಕೆ ಅವಕಾಶವಿಲ್ಲ. ಇಲಿಯಡ್ಡಿನ 23ನೆಯ ಸರ್ಗದಲ್ಲಿ ಸ್ಪರ್ಧಿಸುವವರು ಯೂಮೆಲಸ್, ಡಯೊಮಿಡೀಸ್, ಮೆನೆಲೆಯಸ್, ಆಂಟಿಲೊಕಸ್, ಮೆರಿಯೊನೀಸ್ ಎಂಬ ಐವರು, ಗೆಲ್ಲುವವನು ಡಯೊಮಿಡೀಸ್. ಭಾಂಡದಲ್ಲಿಯೂ ಐವರೇ. ಆದರೆ ಒಡಿಸ್ಯೂಸ್, ಆಟೊಮೆಡಾನ್, ಡಯೊಮಿಡೀಸ್, ಡಮಾಸಿಪ್ಪಸ್, ಹಿಪ್ಪೊಥೊವನ್! ಮುಂದಿರುವವನು ಒಡಿಸ್ಯೂಸ್, ಕಾವ್ಯದಲ್ಲಿ ಅವನು ರಥಸ್ಪರ್ಧೆಗೆ ಇಳಿಯುವುದೇ ಇಲ್ಲ, ಓಟದ ಪಂದ್ಯದಲ್ಲಿ ಗೆಲ್ಲುವನು. ಡಯೊಮಿಡೀಸನು ಮೂರನೆಯವನು. ಕಾವ್ಯದ ರಥಗಳಿಗೆ ಸಾಮಾನ್ಯವಾಗಿ ಎರಡು ಕುದುರೆ, ಭಾಂಡದಲ್ಲಿ ನಾಲ್ಕು. ಐದು ಹೆಸರುಗಳಲ್ಲಿ ಒಂದೇ ಹೊಂದುವುದೆಂದಮೇಲೆ, ಕ್ಲೈತಿಯಾಸನ ಮುಂದೆ ಇಲಿಯಡ್ಡಿನ ಪಾಠವಿತ್ತೆಂದು ಹೇಳುವುದು ಹೇಗೆ? ಅವನಿಗೆ ತಿಳಿದಿದ್ದುದು ಕಥೆ; ಆ ಕಥೆಯು ಹೋಮರನ ಕಾವ್ಯಕ್ಕಿಂತ ವಿಸ್ತಾರವಾದುದು. ಸುಮಾರು ಅದೇ ಕಾಲದ ಸೋಫಿಲೋಸನ ಒಂದು ಚೂರಿನಲ್ಲಿಯೂ ಪಾತ್ರೊಕ್ಲಸನ ಸ್ಪರ್ಧೆಯೆಂದು ಬರೆದಿದೆ. ಅಲ್ಲಿಯೂ ನಾಲ್ಕು ಕುದುರೆಗಳ ರಥವನ್ನು ಮೆಟ್ಟಿಲುಸಾಲಿನಲ್ಲಿ ಕುಳಿತ ಪ್ರೇಕ್ಷಕರು ಕೈಯೆತ್ತಿ ಹುರಿದುಂಬಿಸುತ್ತಿರುವರು. ಒಲಿಂಪಿಯಾದ ಉತ್ಸವದಲ್ಲಿ ನಾಲ್ಕು ಕುದುರೆಗಳ ರಥಸ್ಪರ್ಧೆಯು ಕ್ರಿ. ಪೂ. 680ರಲ್ಲಿ ಸೇರಿತೆಂಬುದು ಗ್ರೀಕರ ಸಂಪ್ರದಾಯ. ಚಿತ್ರಕಾರರು ವೀರಯುಗದ ಕಥೆಗೆ ತಮ್ಮೂರಿನ ಪಂದ್ಯದ ರಥವನ್ನು ಕಟ್ಟಿದ್ದಾರೆ.

ಈ ಶತಮಾನದ ಚಿತ್ರಗಳಲ್ಲಿ ರಥದ ಅಂಗಗಳು ಅಚ್ಚುಕಟ್ಟಾಗಿ ಸತ್ಯವಾಗಿರುವುದಕ್ಕೆ ಕಾರಣವೂ ಇದೇ. ನಾಲ್ಕು ಅರೆಕಾಲಿನ ಹಗುರವಾದ ಚಕ್ರ, ಒಂದೇ ಮೂಕಿ, ಅದರ ತುದಿಗೆ ನೊಗ. ನಡುವಣ ಎರಡು ಕುದುರೆಗಳು ನೊಗಕ್ಕೆ, ಹೊರಗಣ ಎರಡು ಹಗ್ಗಗಳಿಗೆ. ಕುದುರೆ ಹೂಡುವ ಚಿತ್ರಗಳಲ್ಲಿ ಯಾವ ಪಟ್ಟಿಯನ್ನು ಮೊದಲು ಬಿಗಿಯಬೇಕೆಂಬುದೂ ತಿಳಿಯುವುದು. ಮೇರಿ ಮೂರ್ ಅವರು 1971ರಲ್ಲಿ ಕೃಷ್ಣಾಕೃತಿಯ ಭಾಂಡಗಳ ಕುದುರೆಗಳನ್ನು ಕುರಿತೇ ಒಂದು ಪ್ರೌಢಪ್ರಬಂಧವನ್ನು ರಚಿಸಿದರು. ಆದರೆ ಆಕಾರವು ಸತ್ಯವೆಂದಮಾತ್ರಕ್ಕೆ ಪ್ರಯೋಗವೂ ಸತ್ಯವೆಂದಾಗುವುದಿಲ್ಲ. ರಥವು ಹೇಗಿತ್ತೆಂಬುದಕ್ಕೆ ಭಾಂಡವು ಪ್ರಮಾಣ. ಅದು ರಣಕ್ಕೆ ಹೋಗುತ್ತಿತ್ತೆಂಬುದಕ್ಕೆ ಪ್ರಮಾಣವಲ್ಲ.

ಹಾಗಿದ್ದರೂ ಅಥೆನ್ಸಿನ ಕೃಷ್ಣಾಕೃತಿಯ ಭಾಂಡಗಳಲ್ಲಿ ಭಾರಾಯುಧದ ಯೋಧನು ರಥವನ್ನೇರುವ ಚಿತ್ರಗಳು ಅಸಂಖ್ಯಾತವಾಗಿವೆ. ಇದರ ಅರ್ಥವನ್ನು ತಿಳಿಯಲು ಕೊರಿಂತಿನ ಅಂಫಿಯರಾಸ್ ಭಾಂಡಕ್ಕೆ ಹೋಗಬೇಕು. ಕ್ರಿ. ಪೂ. 6ನೆಯ ಶತಮಾನದ ಎರಡನೆಯ ಪಾದದ ಈ ಕೃತಿಯು ಬರ್ಲಿನ್ನಿನಲ್ಲಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಣೆಯಾಯಿತು. ಈಗ ಉಳಿದಿರುವುದು ಹಳೆಯ ಪ್ರತಿಚಿತ್ರಗಳು ಮಾತ್ರ. ಅಂಫಿಯರಾಸನು ಭವಿಷ್ಯವನ್ನು ಬಲ್ಲವನು. ಥೀಬ್ಸಿನ ಮೇಲಣ ದಂಡಯಾತ್ರೆಯಿಂದ ತಾನು ಹಿಂದಿರುಗುವುದಿಲ್ಲವೆಂದು ಅವನಿಗೆ ಗೊತ್ತು. ಹೆಂಡತಿಯಾದ ಎರಿಫಿಲೆಯು ಕಂಠಹಾರದ ಲಂಚಕ್ಕೆ ಸೋತು ಅವನನ್ನು ಹೊರಡಿಸಿರುವಳು. ಚಿತ್ರದಲ್ಲಿ ಅವನು ರಥಕ್ಕೆ ಕಾಲಿಟ್ಟು, ಕೈಯಲ್ಲಿ ಕತ್ತಿ ಹಿಡಿದು, ತಿರುಗಿ ಅವಳನ್ನು ನೋಡುತ್ತಿರುವನು. ಅವಳ ಕೈಯಲ್ಲಿ ದೊಡ್ಡ ಮಣಿಗಳ ಹಾರ. ಮಕ್ಕಳು ಕೈಚಾಚಿರುವರು. ರಥದ ಮುಂದೆ ಹಾಲಿಮಿಡೀಸನೆಂಬ ಮುದುಕನು ನೆಲದ ಮೇಲೆ ಕುಸಿದು ತಲೆಗೆ ಕೈಯಿಟ್ಟಿರುವನು. ಒಲಿಂಪಿಯಾದಲ್ಲಿದ್ದ ಕಿಪ್ಸೆಲಸನ ಪೆಟ್ಟಿಗೆಯ ಮೇಲೆ ಇಂಥದೇ ಚಿತ್ರವಿತ್ತೆಂದು ಪೌಸೇನಿಯಸನು ವರ್ಣಿಸಿರುವನು. ಇಲ್ಲಿ ರಥವು ಕಥೆಗೆ ಅವಶ್ಯಕ, ಏಕೆಂದರೆ ಮುಂದೆ ಭೂಮಿ ಬಾಯ್ದೆರೆದು ಅವನನ್ನು ರಥಸಹಿತ ನುಂಗಬೇಕಾಗಿದೆ.

ಇದೇ ರಚನೆಯು ಅಥೆನ್ಸಿಗೆ ಬಂದಾಗ ಹೆಸರುಗಳು ಉದುರಿಹೋದುವು. ರಥ, ಬಿಳಿಯ ನೀಳಂಗಿಯ ಸಾರಥಿ, ಕಾಲಿಟ್ಟು ಏರುತ್ತಿರುವ ಯೋಧ, ಕುಳಿತ ತಂದೆ, ಮಗುವನ್ನೆತ್ತಿಕೊಂಡ ಹೆಂಗಸು, ಕೆಲವೊಮ್ಮೆ ನಾಯಿ, ಯಾರೆಂಬುದು ಬರೆದಿಲ್ಲ. ಆ ಕಾಲದ ಅಥೆನ್ಸಿನ ಗೃಹಸ್ಥನು ಯುದ್ಧಕ್ಕೆ ಹೊರಟದ್ದು ರಥದಲ್ಲಲ್ಲ. ಆದರೂ ಚಿತ್ರಕಾರನು ರಥವನ್ನು ಬಿಡಲಿಲ್ಲ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ವಾಚ್ಯಾರ್ಥವು ಬಾಧಿತವಾಗಿದೆ. ‘ಗಂಗೆಯಲ್ಲಿ ಹಳ್ಳಿ’ ಎಂದಾಗ ನೀರಿನ ಮೇಲೆ ಮನೆಗಳನ್ನು ಯಾರೂ ಹುಡುಕುವುದಿಲ್ಲ. ದಡವನ್ನು ತಿಳಿದು, ಅದರೊಡನೆ ಗಂಗೆಯ ಶೈತ್ಯಪಾವನತ್ವಗಳನ್ನೂ ಗ್ರಹಿಸುವರು. ಹಾಗೆಯೇ ಈ ರಥವು ಹೊರಡುವವನ ವಾಹನವನ್ನು ಹೇಳದೆ, ಅವನು ಹೊರಡುವ ಬಗೆಯ ಘನತೆಯನ್ನು ಹೇಳುತ್ತದೆ: ಹಿಂದಿನ ವೀರರು ಹೊರಟಂತೆ, ಮರಳಿ ಬರುವುದು ನಿಶ್ಚಯವಿಲ್ಲದೆ, ಇವನು ಹೊರಟನು. ಪಕ್ಕಗಳಲ್ಲಿ ಕಚ್ಚುಗಳುಳ್ಳ ಅಂಡಾಕಾರದ ಗುರಾಣಿಯೂ ಅದೇ ಬಗೆಯದು. ವ್ಯಾಟಿಕನ್ನಿನ ಸಂಗ್ರಹದಲ್ಲಿ ಎಕ್ಸೇಕಿಯಾಸನು ಚಿತ್ರಿಸಿದ, ಅಖಿಲೀಸನೂ ಐಯಾಸನೂ ಪಗಡೆಯಾಡುವ ಭಾಂಡದಲ್ಲಿ, ಆಟಗಾರರ ಹಿಂದೆ ಒರಗಿಸಿರುವುವು ಇಂಥ ಗುರಾಣಿಗಳೇ. ರಣದಲ್ಲಿ ಅವನ್ನು ಹಿಡಿದವರುಂಟೋ ಇಲ್ಲವೋ ಎಂಬ ವಿವಾದವು ಬೇರೆ. ಚಿತ್ರದಲ್ಲಿ ಅವು ವೀರಯುಗದ ಮುದ್ರೆ.

ಇಲಿಯಡ್ಡಿಗೆ ಬಹಳ ಸಮೀಪವಾದ ರಥಚಿತ್ರವೂ ಒಂದುಂಟು. ಅಲ್ಲಿಯೂ ಚಿತ್ರಕಾರನು ಪಾಠವನ್ನು ಅನುಸರಿಸಲಿಲ್ಲವೆಂಬುದು ಗಮನಾರ್ಹ. ಅಮೆರಿಕದ ಬಾಸ್ಟನ್ನಿನಲ್ಲಿರುವ, ಸುಮಾರು ಕ್ರಿ. ಪೂ. 510ರ ನೀರುಗೊಡವೊಂದರಲ್ಲಿ ಅಖಿಲೀಸನು ಹೆಕ್ಟರನ ಶವವನ್ನು ರಥಕ್ಕೆ ಕಟ್ಟಿ ಎಳೆಸುತ್ತಿರುವನು. ಎಡಗಡೆ ಕಂಬಗಳ ನಡುವೆ ಶವದ ತಂದೆತಾಯಿಗಳು ರೋದಿಸುತ್ತಿರುವರು: ಇದು 22ನೆಯ ಸರ್ಗದ ಸಂಗತಿ. ಬಲಗಡೆ ಪಾತ್ರೊಕ್ಲಸನ ಬಿಳಿಯ ಸಮಾಧಿದಿಬ್ಬ, ಅದರ ಮೇಲೆ ರೆಕ್ಕೆಯುಳ್ಳ ಅವನ ಪುಟ್ಟ ಪ್ರೇತರೂಪ. ನಡುವೆ ದೇವದೂತಿಯಾದ ಐರಿಸಳು ಓಡಿಬರುತ್ತಿರುವಳು: ಇವು 24ನೆಯ ಸರ್ಗಕ್ಕೆ ಸೇರತಕ್ಕವು. ಹಲವು ದಿನಗಳ ಅಂತರವಿರುವ ಘಟನೆಗಳು ಒಂದೇ ರಥದ ಸುತ್ತ ನೆರೆದಿವೆ. ಅಪರಾಧವೂ ಶೋಕವೂ ಅದಕ್ಕೆ ಬರುವ ದೇವಾಜ್ಞೆಯೂ ಕಣ್ಣಿಗೆ ಒಟ್ಟಿಗೆ ಬೀಳುವುವು. ಕವಿಗೆ ಮೂರು ಸರ್ಗಗಳು ಬೇಕಾದುದನ್ನು ಕೊಡದ ಹೊಟ್ಟೆಯ ಮೇಲೆ ಒಂದು ಗೇಣಿನೊಳಗೆ ಅಡಕಮಾಡಿದ ಕೈಯ ಹೆಸರು ಉಳಿದಿಲ್ಲ.

ರಕ್ತಾಕೃತಿಯ ಪದ್ಧತಿಯು ಬೆಳೆದಂತೆ ಯೋಧನ ಬೀಳ್ಕೊಡುಗೆಯಲ್ಲಿ ರಥವು ಕಡಮೆಯಾಗುವುದು. ಯೋಧನು ನೆಲದ ಮೇಲೆ ನಿಂತಿರುವನು, ಹೆಂಗಸೊಬ್ಬಳು ಪಾನಪಾತ್ರೆಯನ್ನು ಹಿಡಿದು ಧಾರೆಯೆರೆಯಲು ಸಿದ್ಧಳಾಗಿರುವಳು. ರಥವು ದೇವತೆಗಳಿಗೂ ಪಂದ್ಯಗಳಿಗೂ ಮೀಸಲಾಗುತ್ತ ಬರುವುದು. ಅಥೆನ್ಸಿನ ಉತ್ಸವದಲ್ಲಿ ಬಹುಮಾನವಾಗಿ ಕೊಡುತ್ತಿದ್ದ ಎಣ್ಣೆಯ ಕೊಡಗಳಲ್ಲಿ ಅದು ಹಳೆಯ ಕೃಷ್ಣಾಕೃತಿಯಲ್ಲಿಯೇ ಬಹುಕಾಲ ಮುಂದುವರಿಯಿತು. ಆ ಉತ್ಸವದ ಒಂದು ಪಂದ್ಯದಲ್ಲಿ ಸಾಯುಧನಾದ ಯೋಧನು ಓಡುತ್ತಿರುವ ರಥದಿಂದ ಕೆಳಕ್ಕೆ ಹಾರಿ ಓಡಬೇಕಾಗಿತ್ತು. ಹೋಮರನ ವೀರನು ರಣದಲ್ಲಿ ಮಾಡಿದುದನ್ನು ಅಥೆನ್ಸಿನ ಯುವಕನು ದೇವಿಯ ಮುಂದೆ ಆಟವಾಗಿ ಮಾಡಿದನು. ಪಾರ್ಥೆನಾನಿನ ಶಿಲಾಪಟ್ಟಿಕೆಯಲ್ಲಿ ಇದನ್ನು ಈಗಲೂ ಕಾಣಬಹುದು.

ರಥವು ಗ್ರೀಕರ ಯಾವ ನಾಡಿನಲ್ಲಿಯೂ ರಣಕ್ಕೆ ಇಳಿಯಲೇ ಇಲ್ಲವೆಂದು ಮಾತ್ರ ಹೇಳಲಾಗದು. ಸೈಪ್ರಸಿನ ಸಲಾಮಿಸ್ ನಗರದವರು ಕ್ರಿ. ಪೂ. 498ರ ಸುಮಾರಿನಲ್ಲಿ ಪಾರಸಿಕರ ವಿರುದ್ಧ ನಡೆದ ಕಾಳಗದಲ್ಲಿ ಯುದ್ಧರಥಗಳನ್ನು ಹೊಂದಿದ್ದರೆಂದು ಹೆರೊಡೊಟಸನು ಬರೆದಿರುವನು. ಆಫ್ರಿಕದ ಕರಾವಳಿಯ ಸೈರೀನೆಯವರು ದೂರದ ದಂಡಯಾತ್ರೆಗೆ ಕಾಲಾಳುಗಳನ್ನು ರಥಗಳಲ್ಲಿ ಸಾಗಿಸುತ್ತಿದ್ದರೆಂದು ಕ್ರಿ. ಪೂ. 4ನೆಯ ಶತಮಾನದ ಸೇನಾಶಾಸ್ತ್ರಕಾರನಾದ ಈನಿಯಸನು ತಿಳಿಸುವನು. ಆದರೆ ಇವೆರಡೂ ಗ್ರೀಕರ ಲೋಕದ ಅಂಚುಗಳು. ಅಥೆನ್ಸಿನ ಚಿತ್ರಕಾರರ ಕಣ್ಣಿಗೆ ಬಿದ್ದುವಲ್ಲ. ಅವರಿಗೆ ನೆರೆಯದಾದ ಯೂಬಿಯಾ ದ್ವೀಪದ ಸಾಕ್ಷ್ಯವೇ ಇಲ್ಲಿ ಹೆಚ್ಚು ಬೆಲೆಯುಳ್ಳದು. ಎರೆಟ್ರಿಯಾದವರು ಅಮಾರಿಂತಸಿನ ಆರ್ಟೆಮಿಸ್ ದೇವಾಲಯದಲ್ಲಿ ಒಂದು ಕಂಬವನ್ನು ನಿಲ್ಲಿಸಿದ್ದರೆಂದೂ, ಅದರಲ್ಲಿ ತಮ್ಮ ಪಡೆಯ ಗಣನೆಯನ್ನು ಕೆತ್ತಿಸಿದ್ದರೆಂದೂ ಸ್ಟ್ರಾಬೊ ಎಂಬ ಭೂಗೋಳಕಾರನು ಹೇಳುವನು: ಭಾರಾಯುಧದ ಕಾಲಾಳು 3000, ಕುದುರೆಸವಾರರು 600, ರಥಗಳು 60. ಆ ಶಾಸನದ ಲೆಕ್ಕವು ಯುದ್ಧದ ಲೆಕ್ಕವಲ್ಲ. ದೇವಿಯ ಉತ್ಸವದ ಮೆರವಣಿಗೆಯದು.